ಹದಿನೇಳು ಸೆಂಟಿಮೀಟರ್

"ಸಣ್ಣಗ ಕತ್ತರಿಸಬ್ಯಾಡ ಅಂತ ಹೇಳು ಅವಂಗ. ಕಾಲಿನ ಮೂಳಿ ಉದ್ದಕ್ಕ ಹಂಗ ಇರ್ಲಿ. ತೊಳದು ಕವರ್‌ನ್ಯಾಗ ಹಾಕಿಸ್ಕೊ. ಮುಂದಿಂದು ನಾ ಬಂದು ನೋಡ್ಕೋತೀನಿ."

ಸಿಡ್ನಿಯ ಆಸ್ಪತ್ರೆಯೊಂದರ ಕೆಳಮಹಡಿಯ ಕೆಫೆಯಲ್ಲಿ, ಕಾಫಿಯ ಸರದಿಯಲ್ಲಿ ನಿಂತು ಕೃಪಾ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಕಡೆ ಇದ್ದದ್ದು ಅವಳ ಹೌಸ್‌ಮೇಟ್ ಅನನ್ಯಾ. ನಾರ್ವೆಸ್ಟ್ ಬಡಾವಣೆಯ ಆಫೀಸಿನಿಂದ ಬೇಗ ಹೊರಟು ಮಟನ್ ಅಂಗಡಿಯ ಮುಂದೆ ನಿಂತಿದ್ದಳು. ಸಂಜೆಗೆ ಕಾಲು ಸೂಪ್ ಎಂದು ಇಬ್ಬರೂ ನಿರ್ಧರಿಸಿದ್ದರು.

"ಮೇಡಂ," ಹಿಂದಿನಿಂದ ಒಂದು ಗಂಡು ದನಿ, ತೀರಾ ವಿನಯದಿಂದ. "ನನ್ನದನ್ನೂ ಸಣ್ಣ ಮಾಡ್ಬೇಡಿ ಅಂತ ಒಂದು ಮಾತು ಹೇಳ್ತೀರಾ? ಗುರುವಾರ ಕಾಲಿನ ಆಪರೇಷನ್ ಉಂಟು."

ಕೃಪಾ ತಿರುಗಿದಳು. ಎರಡು ಊರುಗೋಲು, ಅವುಗಳ ನಡುವೆ ಎತ್ತರದ, ಬಡಕಲಾದ ಮನುಷ್ಯ. ಕಿವಿಯವರೆಗೆ ಎಳೆದುಕೊಂಡ ಉಣ್ಣೆಯ ಟೋಪಿ. ಕೀಮೋ ಅವನ ಹುಬ್ಬನ್ನೂ ಬಿಟ್ಟಿರಲಿಲ್ಲ, ರೆಪ್ಪೆಗೂದಲನ್ನೂ ಬಿಟ್ಟಿರಲಿಲ್ಲ. ಮುಖದಲ್ಲಿ ಉಳಿದದ್ದು ಕಣ್ಣು ಮಾತ್ರ. ಏನನ್ನೂ ಮರೆಮಾಡಲು ಬಾರದ ಕಣ್ಣು. ಅವು ನಗುತ್ತಿದ್ದವು.

"ಅಯ್ಯ, ಸೂಪಿಗ್ರಿ!" ಅವಳ ಕಿವಿ ಬಿಸಿಯಾಯಿತು. "ಮಟನ್ ಸೂಪ್!"

"ಹೌದಾ? ಕೊರಳಲ್ಲಿ ಆಸ್ಪತ್ರೆಯ ಕಾರ್ಡ್ ನೋಡಿ ಹೆದರಿಯೇ ಬಿಟ್ಟೆ ಮಾರಾಯ್ರೆ. ಇವರು ಕವರಲ್ಲಿ ಹಾಕಿ ಮನೆಗೇ ಕೊಂಡು ಹೋಗ್ತಾರಾ ಅಂತ."

ನಗಬಾರದೆಂದುಕೊಂಡೇ ಅವಳು ನಕ್ಕುಬಿಟ್ಟಳು.

ಅವನ ಕಾಫಿಯನ್ನು ಅವಳೇ ಟೇಬಲಿಗೆ ತಂದುಕೊಟ್ಟಳು. ಊರುಗೋಲು ಹಿಡಿದವನಿಗೆ ಕಪ್ ಹಿಡಿಯಲು ಕೈ ಉಳಿದಿರಲಿಲ್ಲ. ಹೆಸರು ಸ್ಯಾವಿಯೋ. ಮಂಗಳೂರಿನ ಕಡೆಯವನು. ಓದಲು ಮೆಲ್ಬರ್ನ್‌ಗೆ ಬಂದು, ಕಾಯಂ ವಾಸದ ಪಿಆರ್ ಸಿಕ್ಕಿ, ಆ ನಗರದ ಅಂಚಿನ ಡ್ಯಾಂಡಿನಾಂಗ್‌ನಲ್ಲಿ ಐದು ವರ್ಷದಿಂದ ಬಸ್ ಓಡಿಸುತ್ತಿದ್ದ.

"ಮತ್ತ ಸಿಡ್ನಿಗೆ ಯಾಕ ಬಂದ್ರಿ?"

"ಕಾಫಿ ಕುಡಿಲಿಕ್ಕೆ ಅಂತೂ ಅಲ್ಲ." ಒಂದು ಗುಟುಕು ಕುಡಿದು ಮುಖ ಕಿವುಚಿದ. ಆಮೇಲೆ ಬಲ ತೊಡೆಯ ಮೇಲೆ ಕೈಯಿಟ್ಟು, ಬೇರೆ ಯಾರದೋ ಸುದ್ದಿ ಹೇಳುವವನಂತೆ ಹೇಳಿದ. "ಈ ಮೂಳೆಯಲ್ಲಿ ಕ್ಯಾನ್ಸರ್. ಮೂರು ತಿಂಗಳು ಕೀಮೋ ಆಯ್ತು, ಗಡ್ಡೆ ಸಣ್ಣ ಆಗಿದೆ. ಮುಂದಕ್ಕೆ ಅಲ್ಲಿಯ ಡಾಕ್ಟರು ಮೂರು ದಾರಿ ಹೇಳಿದ್ರು. ಕಾಲು ತೆಗೆಯುದು. ಇಲ್ಲದಿದ್ರೆ ಮೂಳೆ ತೆಗೆದು ಲೋಹದ್ದು ಹಾಕುದು. ಮೂರನೆಯದ್ದು ಕೇಳಿ ನಂಗೆ ತಮಾಷೆ ಮಾಡ್ತಿದ್ದಾರೆ ಅಂತಲೇ ಅನಿಸಿತು. ನನ್ನ ಮೂಳೆಯನ್ನೇ ಹೊರಗೆ ತೆಗೆದು, ಬೇರೆ ರೂಮಿಗೆ ಕೊಂಡು ಹೋಗಿ, ಕಿರಣ ಬಿಟ್ಟು ಕ್ಯಾನ್ಸರ್ ಸಾಯಿಸಿ, ವಾಪಸ್ ತಂದು ಅದೇ ಜಾಗದಲ್ಲಿ ಕೂರಿಸುದಂತೆ! ನಾನು ಅಷ್ಟು ಹೊತ್ತು ಮೇಜಿನ ಮೇಲೆ ಮಲಗಿರುದಂತೆ. ಅದು ಮಾಡಿ ಅಭ್ಯಾಸ ಇರುವ ಟೀಮು ಇಲ್ಲಿ ಉಂಟು ಅಂತ ಕಳಿಸಿದ್ರು."

ಕೃಪಾಳ ಕಪ್ ತುಟಿಯ ಬಳಿಯೇ ನಿಂತಿತು.

ಗುರುವಾರ. ಬಲ ತೊಡೆಮೂಳೆ. ಇಪ್ಪತ್ತೊಂಬತ್ತು ವರ್ಷ. ಹೊರಗೆ ತೆಗೆಯುವ ತುಂಡು ಹದಿನೇಳು ಸೆಂಟಿಮೀಟರ್. ಮೂರು ದಿನದಿಂದ ಅವಳ ಕಂಪ್ಯೂಟರಿನಲ್ಲಿ ತಿರುಗುತ್ತಿದ್ದ ಮೂಳೆಯ ಚಿತ್ರ ಇವನದೇ. ಅದರ ಒಂದೊಂದು ಬಾಗೂ ಅವಳಿಗೆ ಗೊತ್ತಿತ್ತು. ಅದರ ಯಜಮಾನನಿಗೆ ಇಂಥ ಕಣ್ಣಿದೆ ಎಂಬುದು ಗೊತ್ತಿರಲಿಲ್ಲ.

ಹೇಳದೆ ಕೂತರೆ ಮೋಸವಾಗುತ್ತದೆ ಎನ್ನಿಸಿತು.

"ನೀವು ಬ್ಯಾರೆ ರೂಮು ಅಂದ್ರಲ್ಲ... ಅದು ನಂದ್ರಿ. ನಾ ಡಾಕ್ಟರ್ ಅಲ್ಲ, ಮೆಡಿಕಲ್ ಫಿಸಿಸಿಸ್ಟ್. ಯಾವ ಕಡಿಂದ ಎಷ್ಟು ಕಿರಣ ಬಿಡಬೇಕು ಅಂತ ನೋಡೋದು ನನ್ನ ಕೆಲಸ. ಗುರುವಾರ ನಿಮ್ಮ ಮೂಳಿ ನನ್ನ ಕೈಗೇ ಬರ್ತದ."

ಅವನ ಕಣ್ಣಿನ ತುಂಟತನ ಮೆಲ್ಲಗೆ ಇಳಿದು, ಅಲ್ಲಿ ಬೇರೇನೋ ಬಂದು ನಿಂತಿತು.

"ಅಂದ್ರೆ ನನ್ನ ಮೂಳೆಯನ್ನು ನಾನು ಯಾವತ್ತೂ ನೋಡ್ಲಿಕ್ಕಿಲ್ಲ. ನೀವು ನೋಡ್ತೀರಿ."

"ಹೌದ್ರಿ."

"ಹಾಗಾದ್ರೆ ಒಂದು ಉಪಕಾರ. ಅದರ ಹತ್ರ ಎಂತಾದ್ರೂ ಮಾತಾಡಿ. ಕೊಂಕಣಿಯೇ ಆಗ್ಬೇಕು ಅಂತಿಲ್ಲ, ಕನ್ನಡ ಸಾಕು. ಇಷ್ಟು ವರ್ಷದಲ್ಲಿ ನನ್ನನ್ನು ಬಿಟ್ಟು ಅದು ಎಲ್ಲಿಗೂ ಹೋದದ್ದಿಲ್ಲ."

"ಮೂಳಿಗೆ ಕಿವಿ ಇರಂಗಿಲ್ರಿ."

"ಕಿವಿಯೊಳಗೆ ಮೂಳೆ ಉಂಟಲ್ಲ. ಸಂಬಂಧಿಕರಾಯ್ತು."

ತಮಾಷೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಹುಬ್ಬಿಲ್ಲದ ಮುಖವನ್ನು ಓದುವುದು ಸುಲಭವಲ್ಲ. ಆದರೆ ಕಪ್ ಇಟ್ಟ ಮೇಲೆ ಅವನ ಅಂಗೈ ಮತ್ತೆ ಬಲ ತೊಡೆಯ ಮೇಲೆ ಹೋಗಿ ಕೂತದ್ದು ಕಂಡಿತು.

"ಮಾತಾಡ್ತೀನಿ," ಎಂದಳು.

*

ಗುರುವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಆಪರೇಷನ್ ಥಿಯೇಟರಿನಿಂದ ಕರೆ ಬಂತು. ಮೂಳೆ ಹೊರಗೆ ಬಂದಿದೆ.

ಥಿಯೇಟರಿನ ಬಾಗಿಲಲ್ಲಿ ನರ್ಸ್ ಒಂದು ಪಾರದರ್ಶಕ ಪೆಟ್ಟಿಗೆಯನ್ನು ಅವಳ ಕೈಗಿತ್ತಳು. ಇಬ್ಬರೂ ಹೆಸರು, ನಂಬರು ಓದಿ, ತಾಳೆ ನೋಡಿ, ಸಹಿ ಹಾಕಿದರು. ಪೆಟ್ಟಿಗೆಯೊಳಗೆ ಒಂದರೊಳಗೊಂದು ಸ್ಟೆರೈಲ್ ಚೀಲ, ಅದರೊಳಗೆ ಸಲೈನ್ ನೀರು, ಆ ನೀರಿನಲ್ಲಿ ಅದು.

ಈ ಕೆಲಸವನ್ನು ಅವಳು ಮೊದಲೂ ಮಾಡಿದ್ದಳು. ಹತ್ತು ಸಲ. ಹತ್ತೂ ಸಲ ಅದು ಅಳತೆ, ಕೋನ, ನಿಮಿಷ. ಇವತ್ತು ಪೆಟ್ಟಿಗೆ ಎತ್ತಿಕೊಂಡಾಗ ಅಂಗೈಗೆ ತೆಳುವಾದ ಬಿಸುಪು ತಾಗಿತು. ಅವನ ಮೈಯ ಬಿಸುಪು. ಅದು ಇನ್ನೂ ಆರಿರಲಿಲ್ಲ.

ಲಿಫ್ಟನ್ನು ಹಿಡಿದು ನಿಲ್ಲಿಸಿದ್ದರು. ಕಾರಿಡಾರಿನಲ್ಲಿ ಜನ ಬದಿಗೆ ಸರಿದರು. ಇಪ್ಪತ್ತೊಂಬತ್ತು ವರ್ಷ ಒಬ್ಬ ಮನುಷ್ಯನನ್ನು ಹೊತ್ತು ನಡೆದದ್ದು, ಬೆಳಕನ್ನೇ ಕಾಣದೆ ಕತ್ತಲಲ್ಲಿ ತನ್ನಷ್ಟಕ್ಕೆ ಬೆಳೆದದ್ದು, ಈಗ ಅವಳ ಎರಡು ಕೈಗಳಲ್ಲಿ ಮಹಡಿ ಇಳಿಯುತ್ತಿತ್ತು. ಮುತ್ತಿನ ಬಣ್ಣ. ನಡುವೆ ಒಂದೆಡೆ, ಕಾಯಿಲೆ ಕೂತಲ್ಲಿ, ಮೇಲ್ಮೈ ಒರಟಾಗಿ ಮಬ್ಬಾಗಿತ್ತು. ಉಳಿದದ್ದೆಲ್ಲ ಎಷ್ಟು ನಯವೆಂದರೆ, ಇದನ್ನು ಯಾವ ಕೈ ತಿದ್ದಿತು ಎಂದು ಕೇಳುವಂತಿತ್ತು.

ಕೆಳಗಿನ ಚಿಕಿತ್ಸಾ ಕೋಣೆಯಲ್ಲಿ ಥೆರಪಿಸ್ಟ್ ಲಿನ್ ಯಂತ್ರವನ್ನು ಸಿದ್ಧಮಾಡಿಟ್ಟಿದ್ದಳು. ಇಬ್ಬರೂ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹಸಿರು ಬೆಳಕಿನ ಗೆರೆಗಳಿಗೆ ಸರಿಯಾಗಿ ಕೂರಿಸಿದರು. ಬದುಕಿರುವ ಮನುಷ್ಯನಿಗೆ ಐದು ವಾರಗಳಲ್ಲಿ ಹಂಚಿ ಕೊಡುವಷ್ಟು ಕಿರಣ ಇದಕ್ಕೆ ಒಂದೇ ಸಲಕ್ಕೆ. ಮೈಯೊಳಗಿದ್ದಾಗ ಇಷ್ಟು ಬಿಟ್ಟರೆ ಸುತ್ತಲಿನ ನರ, ಮಾಂಸ, ಚರ್ಮ ಯಾವುದೂ ಉಳಿಯದು. ಅದಕ್ಕೇ ಮೂಳೆಯೊಂದನ್ನೇ ಹೊರಗೆ ಕರೆತರುವುದು.

ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಮಾನಿಟರಿನಲ್ಲಿ, ದೊಡ್ಡ ಖಾಲಿ ಕೋಣೆಯ ನಡುವೆ ಪುಟ್ಟ ಪೆಟ್ಟಿಗೆ ಕಾಣುತ್ತಿತ್ತು. ಲಿನ್ ಗುಂಡಿ ಒತ್ತಿದಳು. ಇಪ್ಪತ್ತೆರಡು ನಿಮಿಷ.

ಮೊದಲ ನಿಮಿಷ ಕೃಪಾ ಅಂಕಿಗಳನ್ನು ನೋಡಿದಳು. ಎರಡನೆಯ ನಿಮಿಷವೂ. ಮೂರನೆಯದರಲ್ಲಿ ಅವಳ ಕೈ ತಾನಾಗಿ ಇಂಟರ್‌ಕಾಮಿನ ಮೇಲೆ ಹೋಯಿತು. ಒಳಗೆ ಮಲಗಿದ ಪೇಷಂಟ್‌ಗಳಿಗೆ ಧೈರ್ಯ ಹೇಳಲು ಬಳಸುವ ಇಂಟರ್‌ಕಾಮ್ ಅದು.

"ನಮಸ್ಕಾರ್ರಿ," ಎಂದಳು. "ನಾ ಕೃಪಾ. ನಿಮ್ಮ ಸಾಹೇಬ್ರು ಮ್ಯಾಲೆ ಮಲಗ್ಯಾರ, ಆರಾಮದಾರ. ನೀವು ಹೆದರಬ್ಯಾಡ್ರಿ. ನಿಮ್ಮೊಳಗ ಬಂದು ಕುಂತಾವಲ್ಲ, ಅವಕ್ಕ ಇವತ್ತು ಕಡೀ ದಿನ. ನಿಮಗೂ ಭಾಳ ತ್ರಾಸ ಆಗ್ತದ, ನಂಗ ಗೊತ್ತದ. ನಿಮ್ಮೊಳಗಿನ ಜೀವಾನೂ ಹೋಗ್ತದ. ಅದಕ್ಕ ನಾ ಸುಳ್ಳು ಹೇಳಂಗಿಲ್ಲ. ಆದ್ರ ನಿಮ್ಮ ಮನಿಗೆ ನಿಮ್ಮನ್ನ ತಿರುಗಿ ಕಳಸ್ತೀನಿ. ಅಲ್ಲಿ ಹೋದ ಮ್ಯಾಲೆ ಹೊಸಾ ಜೀವ ಆ ಕಡಿಂದ ಈ ಕಡಿಂದ ನಿಮ್ಮನ್ನ ಹುಡುಕ್ಕೊಂಡು ಬರ್ತದ. ಸಾವಕಾಶ ಬರ್ತದ. ಕಾಯ್ರಿ."

ಲಿನ್ ಅವಳನ್ನೇ ನೋಡುತ್ತಿದ್ದಳು. "ನೀನು ಮೂಳೆ ಜೊತೆ ಮಾತಾಡ್ತಿದೀಯಾ?"

"ಹೂಂ."

ಲಿನ್ ನಗಲಿಲ್ಲ. ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡಳು. "ಮುಂದುವರಿಸು. ನನಗೆ ಹೇಗೂ ಅರ್ಥ ಆಗಲ್ಲ."

ಉಳಿದ ಹತ್ತೊಂಬತ್ತು ನಿಮಿಷ ಕೃಪಾ ಮಾತಾಡಿದಳು. ಧಾರವಾಡದ ಬಗ್ಗೆ, ತನ್ನ ಅಜ್ಜಿ ಅನ್ನಪೂರ್ಣವ್ವ ತೊಂಬತ್ತರಲ್ಲೂ ಮಹಡಿ ಹತ್ತುವ ಬಗ್ಗೆ, ಡ್ಯಾಂಡಿನಾಂಗ್ ಅನ್ನು ತಾನು ನೋಡಿಯೇ ಇಲ್ಲದ ಬಗ್ಗೆ. ಯಂತ್ರ ಒಂದು ಕಡೆಯಿಂದ ಮುಗಿಸಿ ಇನ್ನೊಂದು ಕಡೆಗೆ ತಿರುಗಿತು. ಕಿರಣ ಕಣ್ಣಿಗೆ ಕಾಣುವುದಿಲ್ಲ, ಬಿಸಿ ಇಲ್ಲ, ವಾಸನೆ ಇಲ್ಲ. ಪೆಟ್ಟಿಗೆಯಲ್ಲಿ ಏನೂ ಕದಲಲಿಲ್ಲ. ಆದರೂ ಬಾಗಿಲು ತೆರೆದು ಅದನ್ನು ಮತ್ತೆ ಎತ್ತಿಕೊಂಡಾಗ, ಒಬ್ಬ ಮನುಷ್ಯನ ಮುಂದಿನ ಆಯುಷ್ಯವನ್ನೇ ಹಿಡಿದಂತೆ ಅವಳ ಉಸಿರು ಸಣ್ಣದಾಯಿತು.

ಮೇಲೆ ಅದನ್ನು ಅದರ ಜಾಗದಲ್ಲಿ ಕೂರಿಸಿ, ಉದ್ದನೆಯ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಎರಡೂ ತುದಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವಂತೆ. ಕೂರದೆ ಏನು, ಅದು ಅಲ್ಲಿಯದೇ ಅಲ್ಲವೇ?

*

ಐದನೆಯ ದಿನ ವಾರ್ಡಿನ ನರ್ಸ್ ಫೋನ್ ಮಾಡಿದಳು. ಪೇಷಂಟ್ ಕೇಳುತ್ತಿದ್ದಾರೆ.

ಸ್ಯಾವಿಯೋ ದಿಂಬಿಗೊರಗಿ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ ಅಸುಂತಾ, ವಿಸಿಟರ್ ವೀಸಾದ ಮೇಲೆ ಊರಿನಿಂದ ಬಂದವರು, ಕೈಯಲ್ಲಿ ಜಪಮಾಲೆ. ಹೆಸರು ಕೇಳಿದ್ದೇ ಅವರು ಕೃಪಾಳ ಎರಡೂ ಕೈ ಹಿಡಿದುಕೊಂಡರು.

"ಕೃಪಾ ಅಂತಲಾ? ನಮ್ಮ ಕೊಂಕಣಿಯಲ್ಲಿ ಕುರ್ಪಾ ಅಂತೇವೆ. ಜಪದಲ್ಲಿ ನಾನು ದಿನಾ ಐವತ್ತು ಸಲ ಹೇಳುವ ಶಬ್ದ ಅದು. ಈ ಕೈಯಲ್ಲಾ ಹಿಡಿದದ್ದು?" ಅಂಗೈಯನ್ನು ತಿರುಗಿಸಿ ನೋಡಿದರು. ಆಮೇಲೆ ನೀರು ತರುತ್ತೇನೆಂದು ಜಗ್ ಎತ್ತಿಕೊಂಡು ಹೊರಗೆ ಹೋದರು. ಜಗ್ಗಿನಲ್ಲಿ ನೀರು ತುಂಬಿಯೇ ಇತ್ತು.

"ಎಂತ ಮಾತಾಡಿದ್ರಿ ಅದರ ಹತ್ರ?" ಸ್ಯಾವಿಯೋ ಕೇಳಿದ.

"ಅದು ನಮ್ಮಿಬ್ಬರ ನಡುವಿನ ಮಾತ್ರಿ. ನಿಮಗ್ಯಾಕ?"

"ನನ್ನ ಮೂಳೆ ಮಾರಾಯ್ರೆ!"

"ಆವಾಗ ನಿಮ್ಮದಿರಲಿಲ್ಲ. ನಾ ಸಹಿ ಮಾಡಿ ತಗೊಂಡಿದ್ದೆ."

ಅವನು ನಕ್ಕ. ನಗು ತೊಡೆಗೆ ನೋವು ಕೊಟ್ಟಿರಬೇಕು, ಹಲ್ಲು ಕಚ್ಚಿದ. ಆದರೂ ನೋಟ ಅವಳ ಮುಖದಿಂದ ಕದಲಲಿಲ್ಲ. ರೆಪ್ಪೆಯ ನೆರಳೂ ಇಲ್ಲದ ಆ ನೋಟ ನೇರವಾಗಿ ಬಂದು ತಾಗುತ್ತಿತ್ತು. ಕೃಪಾ ಕಿಟಕಿ ನೋಡಿದಳು, ಸಲೈನ್ ಬಾಟಲಿ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಕೊನೆಗೆ ಬೇರೆಲ್ಲೂ ನೋಡಲಿಕ್ಕಿಲ್ಲದೆ ಅವನನ್ನೇ ನೋಡಿದಳು.

"ಹೆಂಗಿತ್ತು ಅಂತ ಕೇಳಂಗಿಲ್ಲೇನು?" ಎಂದಳು.

"ಹೇಗಿತ್ತು?"

"ಛಂದ ಇತ್ತು." ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಬದಲಾಗಿತ್ತು. "ಭಾಳ ಛಂದ ಇತ್ತು."

ಡಿಸ್ಚಾರ್ಜ್ ದಿನ ಅವನು ಫೋನ್ ನಂಬರ್ ಕೇಳಿದ. ವೀಲ್‌ಚೇರಿನಲ್ಲಿ ಕೂತಿದ್ದ. ಮಡಿಲಲ್ಲಿ ಔಷಧಿಯ ಚೀಲ. ಮೆಲ್ಬರ್ನ್‌ನಲ್ಲಿ ಇನ್ನೂ ಆರು ತಿಂಗಳ ಕೀಮೋ ಕಾದಿತ್ತು.

ಕೊಡಬೇಕೆಂದು ಅವಳ ಮೈಯೆಲ್ಲ ಹೇಳಿತು. ಬಾಯಿ ಹೇಳಿದ್ದು ಬೇರೆ. "ಆಗಂಗಿಲ್ರಿ. ನೀವು ನಮ್ಮ ಪೇಷಂಟ್. ಅದು ಸರಿ ಅಲ್ಲ."

ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನದು ಹೋಯಿತು. "ಸರಿ ಸರಿ. ನಾನೂ ಸ್ವಲ್ಪ ಹೆಚ್ಚೇ ಕೇಳಿದೆ. ಈ ಅವತಾರದಲ್ಲಿ." ಆಮೇಲೆ ಅದನ್ನು ಹಗುರ ಮಾಡಲು, "ಡ್ಯಾಂಡಿನಾಂಗ್ ಕಡೆ ಬಂದ್ರೆ ಸ್ಟೇಷನ್ ಎದುರು ಯಾವ ಡ್ರೈವರ್ ಹತ್ರ ಬೇಕಾದ್ರೂ ಕೇಳಿ, ಸ್ಯಾವಿಯೋ ಎಲ್ಲಿ ಅಂತ," ಎಂದ.

ಅವತಾರ ಕಾರಣ ಅಲ್ಲ ಎಂದು ಹೇಳಬೇಕೆನ್ನುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತು.

*

ಇಂಥ ಚಿಕಿತ್ಸೆ ಪಡೆದವರ ಮೂಳೆ ಎಷ್ಟು ತಿಂಗಳಲ್ಲಿ ಕೂಡುತ್ತದೆ ಎಂಬ ಅಧ್ಯಯನವೊಂದನ್ನು ಕೃಪಾ ನಾಲ್ಕು ವರ್ಷದಿಂದ ನಡೆಸುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಎಕ್ಸ್-ರೇ ಬರುತ್ತಿದ್ದವು. ಹೆಸರಿರುತ್ತಿರಲಿಲ್ಲ, ಬರೀ ನಂಬರು. ಆದರೆ ಹನ್ನೊಂದನೆಯ ನಂಬರು ಯಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಮೂರನೆಯ ತಿಂಗಳು: ಮೇಲೊಂದು, ಕೆಳಗೊಂದು, ಎರಡು ಕಪ್ಪು ಗೆರೆ. ಗರಗಸ ಕೊಯ್ದ ಜಾಗ.

ಆರನೆಯ ತಿಂಗಳು: ಮೇಲಿನ ಗೆರೆಯ ಸುತ್ತ ಬಿಳಿ ಮಂಜು. ಅವಳು ಕುರ್ಚಿಯಿಂದ ಎದ್ದುನಿಂತುಬಿಟ್ಟಳು. ಸತ್ತ ಮೂಳೆಯೊಂದನ್ನು ದೇಹ ತನ್ನದೆಂದು ಗುರುತಿಸಿ, ಯಾರೂ ಹೇಳಿಕೊಡದೆ, ಎಲ್ಲಿಂದಲೋ ಸುಣ್ಣ ಹೊತ್ತು ತಂದು ಸೇತುವೆ ಕಟ್ಟುತ್ತಿತ್ತು. ಪುಸ್ತಕದಲ್ಲಿ ಸಾವಿರ ಸಲ ಓದಿದ್ದೇ. ಆದರೂ ಪರದೆಗೆ ಬೆರಳು ತಾಗಿಸಿ ನೋಡಿದಳು.

ಒಂಬತ್ತನೆಯ ತಿಂಗಳು: ಮೇಲಿನ ಗೆರೆ ಮಾಯ. ಕೆಳಗಿನದು ಹಾಗೇ ಇತ್ತು. ಕಪ್ಪಗೆ, ನೆಟ್ಟಗೆ.

ಆ ಗೆರೆಯನ್ನು ನೋಡುತ್ತ ಅವಳಲ್ಲಿ ಎದ್ದ ಭಯ ಸಂಶೋಧಕಿಯದಲ್ಲ. ಮರುದಿನ ಬೆಳಿಗ್ಗೆ ವಿಭಾಗದ ಮುಖ್ಯಸ್ಥೆ ಮಾರ್ಗರೆಟ್ ಅವರ ಕೋಣೆಗೆ ಹೋಗಿ, ನಿಂತೇ ಹೇಳಿದಳು.

"ಹನ್ನೊಂದನೇ ಪೇಷಂಟ್ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ."

ಮಾರ್ಗರೆಟ್ ಕನ್ನಡಕ ತೆಗೆದರು. "ಅವರ ಜೊತೆ ಸಂಪರ್ಕ ಇದೆಯಾ?"

"ಇಲ್ಲ. ಒಂದು ಮೆಸೇಜ್ ಕೂಡ ಇಲ್ಲ. ಆದರೆ ಇರಬೇಕು ಅಂತ ಆಸೆ ಇದೆ."

ಮಾರ್ಗರೆಟ್ ಎದುರಿನ ಕುರ್ಚಿ ತೋರಿಸಿದರು. "ಅವರ ಆರೈಕೆ ಈಗ ಪೂರ್ತಿ ಮೆಲ್ಬರ್ನ್‌ನವರದು. ನಮ್ಮಲ್ಲಿ ಅವರ ಚಿಕಿತ್ಸೆ ಎಂದೋ ಮುಗಿದಿದೆ. ಅದಕ್ಕೆ ನಾನು ಅಡ್ಡ ಬರೋದಿಲ್ಲ. ಆದರೆ ಅಧ್ಯಯನದಿಂದ ನೀನು ಹೊರಗೆ ಬರಬೇಕು. ಸಂಶೋಧನೆಯ ಪೇಪರ್ ಮೇಲೆ ನಿನ್ನ ಹೆಸರು ಇರೋದಿಲ್ಲ. ಅವರ ಇನ್ನೊಂದು ಎಕ್ಸ್-ರೇ ಕೂಡ ನೀನು ನೋಡೋ ಹಾಗಿಲ್ಲ. ಆ ಗೆರೆ ಮುಚ್ಚಿತೋ ಇಲ್ಲವೋ ನಿನಗೆ ಗೊತ್ತಾಗೋದೇ ಇಲ್ಲ. ಯೋಚನೆ ಮಾಡಿದೀಯಾ?"

ಇಡೀ ರಾತ್ರಿ ಅದನ್ನೇ ಯೋಚಿಸಿದ್ದಳು. ಚಿತ್ರ ಬೇಕೋ, ಮನುಷ್ಯ ಬೇಕೋ.

"ಮಾಡಿದೀನಿ," ಎಂದಳು.

*

ಜನವರಿಯ ಒಂದು ಸೋಮವಾರ ಡ್ಯಾಂಡಿನಾಂಗ್ ಸ್ಟೇಷನ್ನಿನಿಂದ ಹೊರಗೆ ಬಂದಾಗ ಬಿಸಿಲು ಮೂವತ್ತೆಂಟು ಡಿಗ್ರಿ ಇತ್ತು. ಬಸ್ ನಿಲ್ದಾಣದಲ್ಲಿ ಜನ ನೆರಳಿನ ಪಟ್ಟಿಯಲ್ಲಿ ಸಾಲಾಗಿ ನಿಂತಿದ್ದರು. ಅಫ್ಘಾನಿ ಬ್ರೆಡ್ಡಿನ ವಾಸನೆ, ಬಿಸಿ ಟಾರಿನ ವಾಸನೆ. ಕೃಪಾ ಒಂದು ವಾರ ರಜೆ ಹಾಕಿ ಬಂದಿದ್ದಳು. ಅವಳಲ್ಲಿ ವಿಳಾಸವಿರಲಿಲ್ಲ. ಆಸ್ಪತ್ರೆಯ ಫೈಲಿನಿಂದ ಅದನ್ನು ತೆಗೆಯುವ ಹಕ್ಕು ತನಗಿಲ್ಲವೆಂದು ತೆಗೆದಿರಲಿಲ್ಲ.

ಅವನು ಬಸ್ ಓಡಿಸುತ್ತಿದ್ದಾನೋ ಇಲ್ಲವೋ. ಇದ್ದಾನೋ... ಆ ವಾಕ್ಯವನ್ನು ಅವಳು ಮುಗಿಸಲಿಲ್ಲ.

ಮಾಹಿತಿ ಕೌಂಟರಿನಲ್ಲಿ ಎತ್ತರದ ಸ್ಟೂಲಿನ ಮೇಲೆ ಕಿತ್ತಳೆ ವೆಸ್ಟ್ ಹಾಕಿದ ಒಬ್ಬ ಯುವಕ ಕೂತು ಮುದುಕಿಯೊಬ್ಬರಿಗೆ ದಾರಿ ಹೇಳುತ್ತಿದ್ದ. ದಟ್ಟ ಗುಂಗುರು ಕೂದಲು, ದಪ್ಪ ಹುಬ್ಬು, ತುಂಬಿದ ಕೆನ್ನೆ. ತನ್ನ ಸರದಿ ಬಂದಾಗ ಕೃಪಾ ಇಂಗ್ಲಿಷಿನಲ್ಲಿ ಕೇಳಿದಳು, ಇಲ್ಲಿ ಸ್ಯಾವಿಯೋ ಎಂಬ ಡ್ರೈವರ್ ಇದ್ದಾರಲ್ಲ, ಎಲ್ಲಿ ಸಿಗಬಹುದು?

ಅವನ ಒಂದು ಹುಬ್ಬು ಮೇಲೇರಿತು.

"ಅವನು ಎಂತ ಮಾಡಿದ ಮಾರಾಯ್ರೆ? ಕಂಪ್ಲೇಂಟಾ?"

ಕೃಪಾ ಎರಡು ಕೈಯಿಂದ ಕೌಂಟರಿನ ಅಂಚು ಹಿಡಿದುಕೊಂಡಳು. ಕೂದಲಿನ ಕೆಳಗೆ, ಹುಬ್ಬಿನ ಕೆಳಗೆ, ಉದ್ದ ರೆಪ್ಪೆಗಳ ಹಿಂದೆ ಅದೇ ಕಣ್ಣು.

"ಗುರ್ತೇ ಸಿಗಲಿಲ್ರಿ ನೀವು!"

"ನನ್ನ ತೊಡೆಮೂಳೆಯ ಗುರ್ತು ಉಂಟು, ಮುಖದ್ದಿಲ್ಲ. ಎಂಥ ಹೆಂಗಸು!" ಅವನು ನಗುತ್ತಿದ್ದ, ಆದರೆ ಕೈಯಲ್ಲಿದ್ದ ಟೈಮ್‌ಟೇಬಲ್ ಪುಸ್ತಕವನ್ನು ತಲೆಕೆಳಗಾಗಿ ಇಟ್ಟ.

ಹತ್ತು ನಿಮಿಷದ ಬ್ರೇಕ್ ತೆಗೆದುಕೊಂಡು ಹೊರಗೆ ಬಂದ. ಬಲಗಡೆ ಒಂದೇ ಊರುಗೋಲು. ನೆರಳಿನ ಬೆಂಚಿನ ಮೇಲೆ ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಅವತ್ತು ನಂಬರ್ ಕೊಡಲಿಲ್ಲ ಅಂದ್ರ, ನಿಮ್ಮ ಅವತಾರಕ್ಕಲ್ಲ," ಕೃಪಾ ಎದುರಿನ ಬಸ್ಸನ್ನು ನೋಡುತ್ತ ಹೇಳಿದಳು. "ನೀವು ಪೇಷಂಟ್. ನಾ ನಿಮ್ಮ ಮೂಳಿಗೆ ಜವಾಬ್ದಾರಿ. ಆಮ್ಯಾಲೂ ನಿಮ್ಮ ಎಕ್ಸ್-ರೇ ನನ್ನ ಮುಂದ ಬರ್ತಿದ್ದವು. ಈಗ ಅದನ್ನೂ ಬಿಟ್ಟು ಬಂದೀನಿ."

"ಬಿಟ್ಟು ಅಂದ್ರೆ?"

ಅವಳು ಹೇಳಿದಳು. ಅಧ್ಯಯನ, ನಾಲ್ಕು ವರ್ಷ, ಮಾರ್ಗರೆಟ್ ಕೇಳಿದ ಪ್ರಶ್ನೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

"ಅಂದ್ರೆ ಈಗ ನನ್ನ ಮೂಳೆ ಹೇಗುಂಟು ಅಂತ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ." ನಿಟ್ಟುಸಿರಿಟ್ಟ. "ಬುಧವಾರ ಸ್ಕ್ಯಾನ್ ಉಂಟು. ಕೆಳಗಿನ ಕಡೆ ಕೂಡಲಿಲ್ಲ ಅಂತಾದ್ರೆ ಮತ್ತೆ ಆಪರೇಷನ್, ಸೊಂಟದ ಮೂಳೆ ತೆಗೆದು ಅಲ್ಲಿ ತುಂಬುದು. ಅದು ಆದ್ರೂ ಈ ಕಾಯಿಲೆ ವಾಪಸ್ ಬರುದಿಲ್ಲ ಅಂತ ಐದು ವರ್ಷ ಯಾರೂ ಬಾಯಿ ಬಿಡುದಿಲ್ಲ. ಬಸ್ಸಿನ ಪೆಡಲ್ ಒತ್ಲಿಕ್ಕೆ ಬಿಡ್ತಾರೋ ಇಲ್ವೋ. ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತುಂಟು. ಗೊತ್ತಿದ್ದೂ ಬಂದ್ರಾ?"

"ಗೊತ್ತಿದ್ದದ್ದಕ್ಕ ಬಂದೆ." ಈಗ ಅವಳು ತಿರುಗಿ ನೇರವಾಗಿ ನೋಡಿದಳು. "ಬ್ಯಾರೆಯವರು ಪ್ರೀತಿ ಮಾಡೋ ಮುಂದ ಮುಖ ನೋಡ್ತಾರ. ನಂಗ ನಿಮ್ಮ ಮುಖ ಇವತ್ತ ಕಂಡದ್ದು. ನಾ ಎಲ್ಲಾಕ್ಕಿಂತ ಒಳಗಿಂದು ಮೊದಲ ನೋಡೀನಿ. ಅದು ಎಷ್ಟು ಗಟ್ಟಿ ಇತ್ತು ಅಂತ ನಂಗೊಬ್ಬಾಕಿಗೇ ಗೊತ್ತು."

ಬಸ್ಸೊಂದು ಬಂದು ನಿಂತು, ಬಾಗಿಲು ತೆರೆದು, ಮುಚ್ಚಿ, ಹೋಯಿತು.

ಸ್ಯಾವಿಯೋ ಊರುಗೋಲನ್ನು ಎತ್ತಿ ಆ ಪಕ್ಕಕ್ಕಿಟ್ಟು, ನಡುವಿನ ಜಾಗವನ್ನು ತಾನೇ ದಾಟಿ ಬಂದು ಕೂತ.

"ಹತ್ತು ತಿಂಗಳು," ಎಂದ. "ನಿಮಗೆ ಎಷ್ಟು ಮೆಸೇಜ್ ಟೈಪ್ ಮಾಡಿದ್ದೇನೆ ಗೊತ್ತುಂಟಾ? ಕಳಿಸ್ಲಿಕ್ಕೆ ನಂಬರೇ ಇಲ್ಲ. ಕೀಮೋ ದಿನ ಎಲ್ಲ ಅದೇ ಕೆಲಸ."

"ಏನ್ ಬರದಿದ್ರಿ?"

"ಹೆಚ್ಚಿನದ್ದು ನಿಮ್ಮ ಊರಿನ ಕಾಫಿ ಬಗ್ಗೆ ದೂರು." ಅವನು ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ, ಬಿಸಿಯಾದ ಪಾತ್ರೆ ಮುಟ್ಟುವಷ್ಟು ಎಚ್ಚರದಿಂದ. "ಉಳಿದದ್ದು ಈಗ ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಬುಧವಾರ ನನ್ನ ಜೊತೆ ಬರ್ತೀರಾ? ಅಮ್ಮನಿಗೆ ಧೈರ್ಯ ಇಲ್ಲ, ಅವರು ಇಗರ್ಜಿಯಲ್ಲಿ ಜಪ ಮಾಡ್ತಾ ಕೂರ್ತಾರೆ."

*

ಬುಧವಾರ ಮೆಲ್ಬರ್ನ್ ನಗರದ ಆಸ್ಪತ್ರೆಯಲ್ಲಿ ಕೃಪಾ ಜೀವನದಲ್ಲಿ ಮೊದಲ ಬಾರಿಗೆ ಮೇಜಿನ ಈ ಕಡೆ ಕೂತಳು. ಈ ಕಡೆಯಿಂದ ಪರದೆ ಕಾಣುವುದಿಲ್ಲ, ಡಾಕ್ಟರ ಮುಖವಷ್ಟೇ ಕಾಣುತ್ತದೆ ಎಂಬುದು ಅವಳಿಗೆ ಅವತ್ತೇ ಗೊತ್ತಾದದ್ದು. ಆ ಮುಖ ಓದಲು ಅವಳಿಗೆ ಬರಲಿಲ್ಲ.

"ಇವರು?" ಸರ್ಜನ್ ಫೈಲು ತೆರೆಯುತ್ತ ಕೇಳಿದರು. ನೆರೆತ ತಲೆಯ ಹೆಂಗಸು.

ಸ್ಯಾವಿಯೋ ಅವಳ ಕಡೆ ನೋಡಿದ. ಉತ್ತರ ಅವಳದೆಂಬಂತೆ.

"ಪಾರ್ಟ್‌ನರ್," ಕೃಪಾ ಹೇಳಿದಳು. ಅವನು ಸದ್ದಿಲ್ಲದೆ ಉಸಿರು ಬಿಟ್ಟದ್ದು ಅವಳಿಗೊಬ್ಬಳಿಗೇ ಕೇಳಿಸಿತು.

"ಒಳ್ಳೇದು." ಸರ್ಜನ್ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. "ನೋಡಿ."

ಕೃಪಾ ಕೆಳಗಿನ ಗೆರೆಯನ್ನು ಹುಡುಕಿದಳು. ಮತ್ತೆ ಹುಡುಕಿದಳು. ಅದು ಇರಬೇಕಾದಲ್ಲಿ ಬೆಳ್ಳಗೆ, ತೆಳ್ಳಗೆ, ಎಳೆಬಳ್ಳಿಯೊಂದು ಗೋಡೆ ಹತ್ತಿದಂತೆ, ಬದುಕಿದ ಮೂಳೆ ಸತ್ತ ಮೂಳೆಯ ಮೇಲಕ್ಕೆ ಹತ್ತಿ ಬಂದಿತ್ತು. ಮೂಳೆಯ ನಾಲ್ಕು ಬದಿಗಳಲ್ಲಿ ಮೂರು ಕಡೆ ದಾಟಿತ್ತು. ನಾಲ್ಕನೆಯ ಕಡೆ ಇನ್ನೂ ದಾಟುತ್ತಿತ್ತು. ಅವಳಿಗೆ ಅಳತೆ, ಶೇಕಡಾ, ಪ್ರಮಾಣ ಒಂದೂ ನೆನಪಾಗಲಿಲ್ಲ. ಚಿತ್ರ ಕಣ್ಣೀರಿನಲ್ಲಿ ಕಲಸಿಹೋಯಿತು.

"ಆಪರೇಷನ್ ಬೇಡ," ಸರ್ಜನ್ ಹೇಳುತ್ತಿದ್ದರು. "ಬೇರೆ ಎಲ್ಲೂ ಏನೂ ಕಾಣುತ್ತಿಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಲೇ ಇರಬೇಕು, ಅದು ನಿಮಗೆ ಗೊತ್ತು. ಆದರೆ ಇದು ಲೋಹ ಅಲ್ಲ, ದಾನಿಯದಲ್ಲ. ನಿಮ್ಮದೇ. ನಿಮ್ಮ ದೇಹ ಅದನ್ನು ಬಿಟ್ಟುಕೊಟ್ಟಿಲ್ಲ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಪ್ರತಿ ಸಲ ನನಗೆ ಆಶ್ಚರ್ಯ ಆಗುತ್ತೆ." ಅವರು ಎದ್ದು ಅವನ ಊರುಗೋಲನ್ನು ತೆಗೆದು ಗೋಡೆಗೆ ಒರಗಿಸಿದರು. "ಎಲ್ಲಿ, ಇದಿಲ್ಲದೆ ಬಾಗಿಲವರೆಗೆ ನಡೆದು ತೋರಿಸಿ."

ಸ್ಯಾವಿಯೋ ಕುರ್ಚಿಯ ಕೈ ಹಿಡಿದು ನಿಂತ. ಬಾಗಿಲು ಏಳೆಂಟು ಹೆಜ್ಜೆ ದೂರವಿತ್ತು.

"ನೀವು ಆಚೆ ನಿಲ್ತೀರಾ?" ಕೃಪಾಳನ್ನು ಕೇಳಿದ. "ಬಾಗಿಲು ನೋಡಿ ನಡಿಲಿಕ್ಕೆ ನಂಗೆ ಮನಸ್ಸಿಲ್ಲ."

ಅವಳು ಹೋಗಿ ಬಾಗಿಲಿಗೆ ಬೆನ್ನುಕೊಟ್ಟು ನಿಂತಳು. ಅವನು ಕುರ್ಚಿ ಬಿಟ್ಟ. ಎಡಗಾಲು. ಆಮೇಲೆ ಬಲಗಾಲು. ಹತ್ತು ತಿಂಗಳಲ್ಲಿ ಮೊದಲ ಬಾರಿ ಪೂರ್ತಿ ಭಾರ ಅದರ ಮೇಲೆ ಬಿತ್ತು. ಮುಖ ಬಿಳುಚಿತು. ಕಾಲು ಮುರಿಯಲಿಲ್ಲ. ಹದಿನೇಳು ಸೆಂಟಿಮೀಟರ್ ಅವನನ್ನು ಹೊತ್ತು ನಿಂತಿತು.

ಮೂರನೆಯ ಹೆಜ್ಜೆಗೆ ಅವನು ಓಲಾಡಿದ. ಅವಳ ಕೈ ಮುಂದೆ ಹೋಯಿತು. ಸರ್ಜನ್ ತಲೆಯಾಡಿಸಿದರು, ಹಿಡಿಯಬೇಡಿ. ಕೃಪಾ ಕೈಯನ್ನು ಗಾಳಿಯಲ್ಲೇ ಚಾಚಿ ನಿಂತಳು.

"ಬಾ," ಎಂದಳು.

ಅವನು ನಿಂತುಬಿಟ್ಟ. ಇಷ್ಟು ದಿನವೂ ಅವಳು ಅವನನ್ನು 'ನೀವು' ಎಂದೇ ಮಾತಾಡಿಸಿದ್ದಳು.

"ಎಂತ ಹೇಳಿದ್ರಿ?"

"ಬಾ ಅಂದೆ."

ಉಳಿದ ಹೆಜ್ಜೆಗಳನ್ನು ಅವನು ನೆಲ ನೋಡದೆ ನಡೆದ. ಬಂದು, ಅವಳ ಎರಡೂ ಅಂಗೈಗಳ ಮೇಲೆ ತನ್ನ ಅಂಗೈಗಳನ್ನಿಟ್ಟು, ಏದುಸಿರಿನಲ್ಲಿ ನಕ್ಕ.

"ಬಂದೆ," ಎಂದ. "ಇನ್ನು ಎಲ್ಲಿಗೆ ಹೋಗುವ, ನೀನೇ ಹೇಳು."